2ಬಿಯಲ್ಲಿ ಕಾಣದವರೇ ನನ್ನ ಗಿರಾಕಿಗಳಾದರು

ಆಡಿಟರ್ ಆಫೀಸಿನ ಕೆಲಸ ಬಿಟ್ಟು, ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವ ಸ್ವಂತ ಕೆಲಸಕ್ಕೆ ಇಳಿದಾಗ ಜೊತೆಗಾರರೆಲ್ಲ ನಕ್ಕಿದ್ದರು. "ಸಿಎ ಬೋರ್ಡ್ ಇಲ್ಲದವನಿಗೆ ಮಂಡಿಪೇಟೆ ಸಾವ್ಕಾರ್ರು ಲೆಕ್ಕ ಕೊಡ್ತಾರಾ?" ಈಗ ನನ್ನ ಹತ್ತಿರ 31 ಪಾರ್ಟಿ, ಇಲ್ಲಾ 32 ಇರಬೇಕು. ನಕ್ಕವರಲ್ಲಿ ಇಬ್ಬರು ತಮಗೆ ಹೆಚ್ಚಾದ ಕೆಲಸವನ್ನು ನನಗೇ ಕಳಿಸುತ್ತಾರೆ.

ಮೊದಲ ಎಂಟು ತಿಂಗಳ ಕಥೆ ಬೇರೆ. ಸುಮಾರು 900 ರೂಪಾಯಿಗೆ ಸಾವಿರ ಕಾರ್ಡ್ ಹೊಡೆಸಿ ಚೌಕಿಪೇಟೆ, ಪಿ.ಬಿ. ರೋಡು ಅಂತ ಅಂಗಡಿ ಅಂಗಡಿ ಸುತ್ತಿದೆ. ಬಂದದ್ದು ಒಂದೇ ಫೋನು, ಅದೂ ಪ್ಯಾನ್ ಕಾರ್ಡ್ ಮಾಡಿಸಿಕೊಡ್ತೀರಾ ಅಂತ. ತಿಂಗಳಿಗೆ 500ಕ್ಕೆ ಒಪ್ಪಿದ್ದ ಪೇಂಟ್ ಅಂಗಡಿಯವನು ಏಳು ತಿಂಗಳೂ "ಬರೋ ವಾರ" ಅಂತಲೇ ದಾಟಿಸಿದ. ಇನ್ನೊಬ್ಬರ 3ಬಿ, ಅಂದರೆ ಟ್ಯಾಕ್ಸ್ ಕಟ್ಟುವ ಜಿಎಸ್‌ಟಿ ರಿಟರ್ನ್, ನನ್ನ ಮರೆವಿನಿಂದ 40 ದಿನ ತಡವಾಯಿತು. ದಿನಕ್ಕೆ 50ರಂತೆ ತಡದ ಶುಲ್ಕ 2,000, ಮೇಲೆ ಬಡ್ಡಿ, ಎಲ್ಲ ನನ್ನ ಜೇಬಿನಿಂದಲೇ. ಅವರು ಕೊಡುತ್ತಿದ್ದುದು ತಿಂಗಳಿಗೆ 800! ಆದರೆ ದುಡ್ಡು ನಾನೇ ಕಟ್ಟಿದ್ದಕ್ಕೋ ಏನೋ, ಅವರು ಇವತ್ತಿಗೂ ಬಿಟ್ಟುಹೋಗಿಲ್ಲ.

ದಾರಿ ಸಿಕ್ಕಿದ್ದು ಒಂದು ಎಲೆಕ್ಟ್ರಿಕಲ್ ಅಂಗಡಿಯಿಂದ. 2ಬಿ ಅಂದರೆ ಮಾಲು ಕೊಟ್ಟವರು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಿದ ಬಿಲ್ಲುಗಳ ಪಟ್ಟಿ; ಅದರಲ್ಲಿ ಬಿಲ್ಲು ಇಲ್ಲದಿದ್ದರೆ ಖರೀದಿಗೆ ಕೊಟ್ಟ ಟ್ಯಾಕ್ಸ್ ನಮ್ಮ ಲೆಕ್ಕಕ್ಕೆ ವಜಾ ಸಿಗುವುದಿಲ್ಲ. ಪ್ರತಿ ತಿಂಗಳು 14ಕ್ಕೆ ಅದನ್ನು ಇಳಿಸಿಕೊಂಡು ಖರೀದಿಗೆ ತಾಳೆ ಹಾಕಿದರೆ ಆರೇಳು ಬಿಲ್ಲು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಮಾಲೀಕರು ಸಪ್ಲೈಯರ್‌ಗೆ ಮಾಲಿನ ದುಡ್ಡು ಕೊಟ್ಟು ಟ್ಯಾಕ್ಸ್ ಹಿಡಿದಿಡುತ್ತಿದ್ದರು. 60,000ದ ಮಾಲಿಗೆ ಶೇ. 18ರಂತೆ 10,800 ನಿಂತುಹೋಗುತ್ತಿತ್ತು. "ನೀನೇ ಫೋನ್ ಮಾಡಿ ಕೇಳಪ್ಪ" ಅಂದರು. ಮಾಡಿದೆ. ಆ ಕಡೆ ಇದ್ದವನು ಕಳ್ಳನಲ್ಲ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿ. ನಡುವಿನ ಎರಡು ತಿಂಗಳು 13ರೊಳಗೆ ಐಎಫ್‌ಎಫ್‌ನಲ್ಲಿ, ಅಂದರೆ ಪೋರ್ಟಲ್‌ನಲ್ಲಿ ಇಂಥವರಿಗೇ ಇರುವ ಸೌಲಭ್ಯದಲ್ಲಿ, ಬಿಲ್ ಏರಿಸಬಹುದು ಅಂತ ಅವನಿಗೆ ಯಾರೂ ಹೇಳೇ ಇರಲಿಲ್ಲ. ವಾರದೊಳಗೆ ಅವನ ಲೆಕ್ಕ ನನ್ನ ಟ್ಯಾಲಿಯಲ್ಲಿತ್ತು, ತಿಂಗಳಿಗೆ 1,200ಕ್ಕೆ.

ಆಮೇಲೆ ಅವನ ಖರೀದಿಯ 2ಬಿ ನೋಡಿದೆ. ಅಲ್ಲೂ ನಾಲ್ಕು ಬಿಲ್ಲು ಇಲ್ಲ. ಹೀಗೇ ಕೊಂಡಿ ಬೆಳೆಯಿತು. ಮೊದಲ ಫೋನಿನಲ್ಲಿ ಕೆಲಸ ಕೇಳಲೇಬಾರದು, ಇಷ್ಟು ಹೇಳುತ್ತೇನೆ. ಬದಲಿಗೆ ನಾನು ಏನು ಕೇಳುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಜಿಎಸ್‌ಟಿ ನಂಬರಿನ ಒಂದಕ್ಷರ ತಪ್ಪಿ ಬಿಲ್ ಕಾಣೆಯಾದವರಿಂದ ಬರೀ ಚಹಾ ಸಿಗುತ್ತದೆ. ನೋಂದಣಿಯೇ ರದ್ದಾದವರ ತಂಟೆಗೆ ಹೋಗಬೇಡಿ. ಇಬ್ಬರನ್ನು ಹಿಡಿದು ನನಗೆ ಎರಡು ತಿಂಗಳ ನಿದ್ದೆ ಹೋಯಿತು.

ಮಧ್ಯೆ ಮಂಡಕ್ಕಿ ಭಟ್ಟಿಗಳ ಕಡೆಗೂ ಒಂದು ಕೈ ನೋಡಿದ್ದೆ. ಬಿಡಿ ಮಂಡಕ್ಕಿಗೆ ಟ್ಯಾಕ್ಸ್ ಇಲ್ಲ. 2022ರ ಜುಲೈ 18ರಿಂದ ಬಂದದ್ದು ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ. ಅಲ್ಲಿ ರಿಟರ್ನ್ ಕೆಲಸ ಎಲ್ಲಿಂದ ಬರಬೇಕು? ಒಂದು ತಿಂಗಳು ತಿರುಗಿ ಸಂಪಾದಿಸಿದ್ದು ಎರಡು ಚೀಲ ಮಂಡಕ್ಕಿ. ಮನೆಯಲ್ಲಿ ಸಂಜೆ ಸಂಜೆ ಅದೇ, ಹೆಂಡತಿಯ ಬಾಯಲ್ಲಿ ಅದೇ ತಮಾಷೆ. ಆದರೆ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಗ ಅದೇ ಓಣಿಯವರು ನನ್ನನ್ನು ಹುಡುಕಿಕೊಂಡು ಬಂದರು. ಬರೀ ಬಿಡಿ ಮಂಡಕ್ಕಿ ಮಾರುವವನಿಗೆ ನೋಂದಣಿ ಬೇಡ. ಪಕ್ಕದಲ್ಲಿ ಪ್ಯಾಕೆಟ್ ಖಾರ ಇಟ್ಟನೋ, ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿಗೆ ಎರಡೂ ಸೇರುತ್ತವೆ. ಒಬ್ಬರ ನಾಲ್ಕು ವರ್ಷದ ಸ್ಟೇಟ್‌ಮೆಂಟ್ ಕೂತು ಬಿಡಿಸಿದೆ. ಭಾವಮೈದುನ ಕೊಟ್ಟ ಕೈಗಡ, ಚೀಟಿ ದುಡ್ಡು, ಮಗಳ ಮದುವೆಯ ಮುಯ್ಯಿ, ಎಲ್ಲವೂ ಫೋನ್‌ಪೇಯಲ್ಲೇ ಬಂದಿತ್ತು. 6,000 ತಗೊಂಡೆ. 15,000 ಕೇಳಬೇಕಿತ್ತು.

ಆ ಪೇಂಟ್ ಅಂಗಡಿಯವನು? ಹೋದ ತಿಂಗಳು ಇನ್ನೊಂದು ಪಾರ್ಟಿಯ 2ಬಿಯಲ್ಲಿ ಅವನ ಬಿಲ್ಲೇ ಕಾಣೆ. ಫೋನ್ ಹಚ್ಚಿದೆ. ಬಿಲ್ಲಿನ ಮಾತು ಆಮೇಲೆ, ಮೊದಲು ಹಳೇ 3,500 ಹಾಕು ಅಂದೆ. ಫೋನ್ ಇಡುವಷ್ಟರಲ್ಲಿ ಮೆಸೇಜ್ ಬಂತು.