ಟ್ಯೂಬ್ ಆಂಪ್ ಆನ್ ಆಗ್ತಿಲ್ವಾ? ಫ್ಯೂಸಿನಿಂದ ಶುರು ಮಾಡಿ

ಟ್ಯೂಬ್ ಆಂಪ್ ಅಂದರೆ ಗಾಜಿನ ವಾಲ್ವ್‌ಗಳಿರುವ ಗಿಟಾರ್ ಆಂಪ್ಲಿಫೈಯರ್. ಸ್ವಿಚ್ ಹಾಕಿದರೂ ಲೈಟಿಲ್ಲ, ಟ್ಯೂಬ್ ಬಿಸಿಯಾಗುತ್ತಿಲ್ಲ ಅಂದರೆ ಟ್ರಾನ್ಸ್‌ಫಾರ್ಮರೇ ಹೋಯಿತು ಅಂತ ಗಾಬರಿ ಬೀಳಬೇಡಿ. ಬಹಳ ಸಲ ತೊಂದರೆ ಹೊರಗೆ ಇರುತ್ತದೆ, ಇಲ್ಲವೇ ಫ್ಯೂಸಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಾಸಿ, ಅಂದರೆ ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆ, ಬಿಚ್ಚಬೇಡಿ. ಒಳಗೆ 300ರಿಂದ 500 ವೋಲ್ಟ್ ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ, ಜೀವಕ್ಕೇ ಅಪಾಯ. ಇಲ್ಲಿ ಹೇಳುವುದೆಲ್ಲ ಹೊರಗಿನಿಂದಲೇ ಮಾಡುವ ಕೆಲಸ.

ಗೋಡೆಯ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ಕರೆಂಟ್ ಇದೆಯಾ ನೋಡಿ. ಪವರ್ ಕೇಬಲ್ ಬದಲಿಸಿ ನೋಡಿ, ಕಂಪ್ಯೂಟರಿನದೇ ಸಾಕು. ಟ್ಯೂಬ್ ಉರಿಯುತ್ತಿದ್ದು ಮುಂದಿನ ದೀಪ ಮಾತ್ರ ಇಲ್ಲದಿದ್ದರೆ ಆ ಪುಟ್ಟ ಬಲ್ಬ್ ಹೋಗಿದೆ, ಅಷ್ಟೇ.

ಅಮೆರಿಕದಿಂದ ತಂದ 120 ವೋಲ್ಟಿನ ಆಂಪನ್ನು ಯಾರಾದರೂ ನೇರವಾಗಿ ನಮ್ಮ 230ಕ್ಕೆ ಹಾಕಿದ್ದಾರಾ? ಹಾಗಿದ್ದರೆ ಫ್ಯೂಸ್ ಹಾರಿರುವುದೇ ಪುಣ್ಯ. 230ನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳುವಾಗ ಸ್ಪೀಕರ್ ವಾಟ್ ನೋಡಬೇಡಿ, ಹಿಂದಿನ ಪ್ಯಾನೆಲ್‌ನಲ್ಲಿ ಬರೆದಿರುವ ವಾಟ್ ನೋಡಿ. 40 ವಾಟಿನ ಆಂಪ್ ಕೂಡ ಗೋಡೆಯಿಂದ 150 ವಾಟ್‌ಗಿಂತ ಜಾಸ್ತಿ ಎಳೆಯಬಹುದು.

ಈಗ ಫ್ಯೂಸ್. ಪ್ಲಗ್ ಕಿತ್ತು, ಹಿಂದಿನ ಹೋಲ್ಡರ್ ತಿರುಗಿಸಿ ತೆಗೆಯಿರಿ. ಕೆಲವು ಆಂಪ್‌ಗಳಲ್ಲಿ ಪವರ್ ಕೇಬಲ್ ಸಿಕ್ಕಿಸುವ ಜಾಗದಲ್ಲೇ ಪುಟ್ಟ ಡ್ರಾಯರ್ ಇರುತ್ತದೆ. ಗಾಜನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ಸುಮ್ನೆ ತುಂಡಾಗಿದ್ದರೆ ಹಳೆಯದಾಗಿ ಹೋಗಿರಬಹುದು. ಗಾಜಿನ ಒಳಗೆಲ್ಲ ಕಪ್ಪು ಅಥವಾ ಬೆಳ್ಳಿ ಬಣ್ಣದ ಮಸಿ ಮೆತ್ತಿದ್ದರೆ ಎಲ್ಲೋ ದೊಡ್ಡ ಶಾರ್ಟ್ ಆಗಿದೆ. ಚೆನ್ನಾಗಿ ಕಂಡರೂ ಮಲ್ಟಿಮೀಟರ್ ಹಿಡಿಯಿರಿ, ತುದಿಯಲ್ಲಿ ಬಿಟ್ಟಿರುವ ತಂತಿ ಕಣ್ಣಿಗೆ ಕಾಣುವುದಿಲ್ಲ.

ಹೊಸದು ಅದೇ ಆಂಪಿಯರ್, ಅದೇ ಅಳತೆಯದ್ದು ಇರಲಿ. ಟಿ ಅಂತ ಬರೆದಿದ್ದರೆ ಸ್ಲೋ-ಬ್ಲೋ, ಅಂದರೆ ನಿಧಾನವಾಗಿ ಹಾರುವಂಥದ್ದು, ಅದನ್ನೇ ಕೇಳಿ, ಇಲ್ಲದಿದ್ದರೆ ಆನ್ ಮಾಡಿದ ಕ್ಷಣದ ಎಳೆತಕ್ಕೇ ಹಾರುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ನಾಲ್ಕೈದು ತಂದಿಡಿ. ದೊಡ್ಡ ಫ್ಯೂಸ್ ಹಾಕುವುದು, ಫಾಯಿಲ್ ಸುತ್ತುವುದು ಖಂಡಿತ ಬೇಡ. ಹತ್ತು ರೂಪಾಯಿ ಉಳಿಸಲು ಹೋಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಹೊಸ ಫ್ಯೂಸೂ ಹಾರಿದರೆ ಮತ್ತೊಂದು ಹಾಕಿ, ಆದರೆ ಆಂಪನ್ನು ನೇರ ಗೋಡೆಗಲ್ಲ, ಸೀರೀಸ್ ಬಲ್ಬ್ ಸಾಕೆಟ್‌ಗೆ ಸಿಕ್ಕಿಸಬೇಕು. ಹಳೇ ಕಾಲದ 100 ವಾಟ್ ಹಳದಿ ಬಲ್ಬ್ ಮೂಲಕ ಫೇಸ್ ವೈರ್ ಹಾಯಿಸಿದ ಒಂದು ಸಾಕೆಟ್, ಅಷ್ಟೇ, ಎಲ್‌ಇಡಿ ನಡೆಯುವುದಿಲ್ಲ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಸ್ಪೀಕರ್ ಕನೆಕ್ಟ್ ಆಗಿಯೇ ಇರಲಿ. ಆಂಪ್ ತಣ್ಣಗಾದ ಮೇಲೆ ಪವರ್ ಟ್ಯೂಬ್‌ಗಳನ್ನೂ (ಸ್ಪೀಕರ್ ಓಡಿಸುವ ದೊಡ್ಡ ಟ್ಯೂಬ್‌ಗಳು), ರೆಕ್ಟಿಫೈಯರ್ ಟ್ಯೂಬ್ (ಎಸಿಯನ್ನು ಡಿಸಿ ಮಾಡುವುದು) ಇದ್ದರೆ ಅದನ್ನೂ ಕೀಳಿ, ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಟ್ಯಾಂಡ್‌ಬೈ ಸ್ವಿಚ್ ಇದ್ದರೆ ಅದನ್ನೂ ಪ್ಲೇ ಕಡೆ ಹಾಕಿ ಆನ್ ಮಾಡಿ.

ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಬೆಳಕಿನಲ್ಲೇ ನಿಂತರೆ ಟ್ರಾನ್ಸ್‌ಫಾರ್ಮರ್, ಡಯೋಡ್ ಅಥವಾ ಒಳಗಿನ ಕೆಪಾಸಿಟರ್, ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ಕೊಡಿ. ಮಂಕಾಯಿತಾ? ಆಫ್ ಮಾಡಿ, ಪ್ಲಗ್ ಕಿತ್ತು, ರೆಕ್ಟಿಫೈಯರ್ ಹಾಕಿ ನೋಡಿ. ಈಗ ಬೆಳಗಿ ನಿಂತರೆ ಆ ಟ್ಯೂಬೇ ಶಾರ್ಟ್, ಇಲ್ಲಾ ಅದರ ಮುಂದಿನ ಫಿಲ್ಟರ್ ಕೆಪಾಸಿಟರ್. ಬೇರೆ ಟ್ಯೂಬ್ ಹಾಕಿದರೆ ಗೊತ್ತಾಗುತ್ತದೆ. ಆಮೇಲೆ ಪವರ್ ಟ್ಯೂಬ್‌ಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ, ಪ್ರತಿ ಸಲ ಒಂದು ನಿಮಿಷ ಬಿಸಿಯಾಗಲು ಬಿಡಿ. ಯಾವುದು ಹಾಕಿದಾಗ ಬಲ್ಬ್ ಜೋರಾಗಿ ಉರಿಯಿತೋ ಅದೇ ಕಳ್ಳ. ನನ್ನ ಅನುಭವದಲ್ಲಿ ಹೆಚ್ಚಾಗಿ ಸಿಗುವುದು ಇದೇ.

ಇಎಲ್34 ಅಥವಾ 6ಎಲ್6ನಂಥ ಹೊಸ ಪವರ್ ಟ್ಯೂಬ್ ತರುವಾಗ ಜೋಡಿಯಾಗಿಯೇ ತನ್ನಿ. ಫಿಕ್ಸೆಡ್ ಬಯಸ್ ಆಂಪ್ ಆಗಿದ್ದರೆ ಬಯಸ್, ಅಂದರೆ ಟ್ಯೂಬ್ ಸುಮ್ಮನಿದ್ದಾಗ ಎಳೆಯುವ ಕರೆಂಟ್, ಸೆಟ್ ಮಾಡಿಸಬೇಕು, ಅದಕ್ಕೆ ಒಳಗೆ ಅಳೆಯಬೇಕಾಗುತ್ತದೆ, ಹಾಗಾಗಿ ರಿಪೇರಿಯವರ ಹತ್ತಿರವೇ ಮಾಡಿಸಿ. ವಾಕ್ಸ್ ಎಸಿ30ಯಂಥ, ಬಯಸ್ ತಾನೇ ಹೊಂದಿಕೊಳ್ಳುವ ಕ್ಯಾಥೋಡ್ ಬಯಸ್ ಆಂಪ್‌ಗಳಿಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ.