ಟಿ ಕೋಶ ಬೆಳೆಸುವುದಕ್ಕೆ ನನ್ನ ಕೈ ಪಳಗಿದ್ದು ಹೀಗೆ

ಮೊದಲ ಸಲ ರೋಗಿಯೊಬ್ಬರ ರಕ್ತಕೋಶಗಳ ಚೀಲ ನನ್ನ ಕೈಗೆ ಬಂದಾಗ ರಾತ್ರಿ ಎಂಟೂವರೆ ಆಗಿತ್ತು. ಸಂಜೆ ಆರಕ್ಕೆ ಬರಬೇಕಿದ್ದದ್ದು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪೆಟ್ಟಿಗೆ ತೆರೆದು ಮೊದಲು ನೋಡಿದ್ದು ಚೀಲವನ್ನಲ್ಲ, ಜೊತೆಗಿದ್ದ ತಾಪಮಾನದ ಲಾಗರ್ ಅನ್ನು. ದಾರಿಯುದ್ದಕ್ಕೂ 2ರಿಂದ 8 ಡಿಗ್ರಿ ಒಳಗೇ ಇತ್ತು. ಆಮೇಲೆ ಚೀಲ. ಅಂಗೈಯಗಲ, ತಿಳಿ ಟೊಮೆಟೊ ಸಾರಿನ ಬಣ್ಣ. ಅದರ ಮೇಲೆ ಹೆಸರಿರಲಿಲ್ಲ, ಒಂದು ಕೋಡ್ ಮಾತ್ರ. ಜೊತೆಗಿದ್ದ ಫಾರಂನಲ್ಲಿ ವಯಸ್ಸು 34, ತೂಕ 62 ಕೆಜಿ ಎಂದಿತ್ತು. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ನಾನು ಬೆಂಗಳೂರಿನ ಒಂದು ಅನ್ವಯಿಕ ಸಂಶೋಧನಾ ಸಂಸ್ಥೆಯಲ್ಲಿದ್ದೇನೆ. ಕಾರ್-ಟಿ ಕೋಶಗಳನ್ನು, ಅಂದರೆ ಕ್ಯಾನ್ಸರ್ ಹಿಡಿಯುವ ಹಾಗೆ ಬದಲಾಯಿಸಿದ ರೋಗಿಯದೇ ರಕ್ತಕೋಶಗಳನ್ನು, ತಯಾರಿಸುವ ಕ್ಲೀನ್ ರೂಮ್‌ನಲ್ಲಿ ಕೆಲಸ. ಇದಕ್ಕೆ ಮೊದಲು ಪಿಎಚ್‌ಡಿಗಾಗಿ ಐದು ವರ್ಷ ಲ್ಯಾಬ್‌ನಲ್ಲಿ ಕೋಶ ಬೆಳೆಸಿದ್ದೆ. ಆದರೆ ಅಲ್ಲಿಯ ಕೆಲಸವೇ ಬೇರೆ. ಪ್ಲೇಟ್ ಕೆಟ್ಟರೆ ಬ್ಲೀಚ್ ಸುರಿದು ಎಸೆದು, ಸೋಮವಾರ ಹೊಸದು ಹಾಕುತ್ತಿದ್ದೆವು. ಇಲ್ಲಿ ಚೀಲ ಕೆಟ್ಟರೆ ಆ ಮನುಷ್ಯನನ್ನು ಮತ್ತೆ ಮೂರ್ನಾಲ್ಕು ಗಂಟೆ ಯಂತ್ರಕ್ಕೆ ಜೋಡಿಸಿ ರಕ್ತದಿಂದ ಬಿಳಿ ಕೋಶ ತೆಗೆಯಬೇಕು. ಅಷ್ಟು ಹೊತ್ತಿಗೆ ಅವರ ದೇಹ ಅದನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ಇಲ್ಲದೆಯೂ ಇರಬಹುದು.

ಅಮ್ಮನಿಗೆ ಈ ಕೆಲಸ ಏನೆಂದು ಹೇಳುವುದಕ್ಕೆ ಬಹಳ ದಿನ ಹಿಡಿಯಿತು. ಅವರು ಅರಸೀಕೆರೆಯಲ್ಲಿದ್ದಾರೆ, ಫೋನಿನಲ್ಲಿ ಎಲ್ಲವನ್ನೂ ವಿಚಾರಿಸುತ್ತಾರೆ. ಹೀಗೆ ಹೇಳಿದೆ: ರಕ್ತದಲ್ಲಿ ಟಿ ಕೋಶ ಅಂತ ಇರುತ್ತೆ ಅಮ್ಮ, ಅದು ಕಾವಲುಗಾರ. ಕೆಲವು ರಕ್ತದ ಕ್ಯಾನ್ಸರ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಕ್ಯಾನ್ಸರ್ ಕೋಶದ ಮೈಮೇಲೆ ಸಿಡಿ19 ಎನ್ನುವ ಒಂದು ಗುರುತು ಇರುತ್ತೆ. ಆ ಗುರುತನ್ನು ಹಿಡಿಯುವ ಕೊಕ್ಕೆಯನ್ನು ರೋಗಿಯದೇ ಟಿ ಕೋಶಕ್ಕೆ ಕೂರಿಸಿ, ಬೆಳೆಸಿ, ಅವರಿಗೇ ವಾಪಸ್ ಕೊಡುತ್ತೇವೆ.

“ಕೊಕ್ಕೆ ಹೇಗೆ ಕೂರಿಸ್ತೀಯೇ ಪುಟ್ಟಿ?”

“ವೈರಸ್‌ನಿಂದ. ಎಚ್‌ಐವಿ ಜಾತಿಯದ್ದೇ, ಆದ್ರೆ ರೋಗ ತರೋ ಭಾಗ ಎಲ್ಲಾ ತೆಗೆದಿರ್ತಾರೆ. ಜೀನ್ ಒಳಗೆ ಬಿಟ್ಟು ಬರುತ್ತೆ, ತಾನು ಬೆಳೆಯಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕೈ ಜೋಪಾನ,” ಅಂದರು.

ಕೈಯ ಬಗ್ಗೆಯೇ ನಾನು ಇಲ್ಲಿ ಹೇಳಬೇಕಾದದ್ದು ಜಾಸ್ತಿ ಇರುವುದು. ಕಾರ್-ಟಿ ಎಂದರೆ ಎಲ್ಲರೂ ಜೀನ್, ವೈರಸ್, ಪ್ರತಿರಕ್ಷೆ ಅಂತ ಮಾತಾಡುತ್ತಾರೆ. ತಪ್ಪಲ್ಲ. ಆದರೆ ಐಡಿಯಾ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಅದು ಯಾರದೋ ಎರಡು ಕೈಗಳ ಮೂಲಕವೇ ರೋಗಿಯನ್ನು ತಲುಪಬೇಕು. ಮಾತ್ರೆಯನ್ನು ಬೇಕಾದರೆ ಕೊನೆಯಲ್ಲಿ ಶುದ್ಧ ಮಾಡಬಹುದು. ಜೀವಂತ ಕೋಶವನ್ನು ಕುದಿಸಲಾಗದು, ಬ್ಯಾಕ್ಟೀರಿಯಾ ಹೋಗಲಿ ಅಂತ ಸೋಸಲೂ ಆಗದು, ಸೋಸಿದರೆ ಕೋಶವೂ ಹೋಗುತ್ತದೆ. ಹಾಗಾಗಿ ಮೊದಲಿಂದ ಕೊನೆಯವರೆಗೆ ಎಲ್ಲೂ ಕೊಳೆ ಸೇರಬಾರದು.

ರೋಗಿಯ ಚೀಲ ಮುಟ್ಟುವ ಮುಂಚೆ ಪ್ರತಿಯೊಬ್ಬರೂ ಮೀಡಿಯಾ ಫಿಲ್ ಎನ್ನುವ ಪರೀಕ್ಷೆ ಪಾಸಾಗಬೇಕು. ಕೋಶದ ಬದಲು ಸೋಯಾ-ಕೇಸಿನ್ ಸಾರು ಇಟ್ಟುಕೊಂಡು ಇಡೀ ಕೆಲಸವನ್ನು ಹಾಗೆಯೇ ಮಾಡುವುದು. ಆ ಸಾರು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಒಂದೇ ಒಂದು ಬಿದ್ದಿದ್ದರೂ ಸಾಕು, 14 ದಿನದಲ್ಲಿ ಸಾರು ಕದಡುತ್ತದೆ. ನನ್ನ ಮೊದಲ ಸುತ್ತಿನಲ್ಲಿ ಒಂದು ಬಾಟಲಿ ಆರನೇ ದಿನವೇ ಕದಡಿತು. ಉಳಿದವೆಲ್ಲ ತಿಳಿಯಾಗಿದ್ದವು, ಅದೊಂದು ಮಾತ್ರ ಅಕ್ಕಿ ತೊಳೆದ ನೀರಿನ ಹಾಗೆ. ಅದನ್ನು ಬೆಳಕಿಗೆ ಹಿಡಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮಗೆ ಕಲಿಸುತ್ತಿದ್ದ ಮೇಡಂ ಬೈಯಲಿಲ್ಲ. ನಾನು ಕೆಲಸ ಮಾಡಿದ ವಿಡಿಯೊ ಹಾಕಿ, “ನಿಮ್ಮ ಎಡಗೈಯನ್ನೇ ನೋಡ್ತಾ ಹೋಗಿ,” ಅಂದರು. ನೋಡಿದೆ. ನಲವತ್ತು ನಿಮಿಷದ ಮೇಲೆ ಗೊತ್ತಾಯಿತು. ಹುಡ್, ಅಂದರೆ ಕೈ ಇಟ್ಟು ಕೆಲಸ ಮಾಡುವ ಗೂಡಿನ ಒಳಗೆ ಸೋಸಿದ ಶುದ್ಧ ಗಾಳಿ ಮೇಲಿಂದ ಕೆಳಗೆ ಇಳಿಯುತ್ತಿರುತ್ತದೆ. ತೆರೆದ ಬಾಟಲಿಯ ಬಾಯಿಗೆ ಮೊದಲು ಆ ಗಾಳಿಯೇ ತಾಗಬೇಕು. ನಾನು ಎಡಗೈಯಲ್ಲಿ ಮುಚ್ಚಳ ಹಿಡಿದು, ಆ ಕೈಯನ್ನು ಬಾಟಲಿಯ ಮೇಲಿಂದ ದಾಟಿಸಿ ಆಚೆ ಇಡುತ್ತಿದ್ದೆ. ಗಾಳಿ ನನ್ನ ಗ್ಲೌಸ್ ಸವರಿಕೊಂಡು ಬಾಟಲಿಗೆ ಇಳಿಯುತ್ತಿತ್ತು. ಪಿಎಚ್‌ಡಿಯ ಐದೂ ವರ್ಷ ಹಾಗೇ ಮಾಡಿದ್ದೆ. ಅಲ್ಲಿ ಪ್ರತಿ ಪ್ಲೇಟಿಗೂ ಆ್ಯಂಟಿಬಯೋಟಿಕ್ ಹಾಕುತ್ತಿದ್ದೆವು, ಅದಕ್ಕೇ ತಪ್ಪು ಹೊರಗೆ ಬಿದ್ದಿರಲಿಲ್ಲ.

ಆಮೇಲೆ ಮೂರು ವಾರ ಬರೀ ನೀರು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ಖಾಲಿ ಬಾಟಲಿಗಳಲ್ಲಿ ನೀರು ಬದಲಾಯಿಸುವುದು. ಮುಚ್ಚಳವನ್ನು ಪಕ್ಕಕ್ಕೆ ಇಡುವುದು, ಕೈಯನ್ನು ಸುತ್ತು ಹಾಕಿಸಿ ತರುವುದು. ಬೇಗ ಮಾಡಿದರೆ ಗಾಳಿ ಕದಡುತ್ತದೆ ಅಂತ ವೇಗವನ್ನು ಅರ್ಧಕ್ಕೆ ಇಳಿಸಿದೆ. ಟ್ಯೂಬ್ ವೆಲ್ಡರ್ ಅಭ್ಯಾಸವನ್ನೂ ಆಗಲೇ ಮಾಡಿದ್ದು. ಎರಡು ಚೀಲಗಳ ಪ್ಲಾಸ್ಟಿಕ್ ಟ್ಯೂಬ್‌ಗಳನ್ನು ಕಾದ ಅಲಗು ಕತ್ತರಿಸಿ, ಹೊರಗಿನ ಗಾಳಿ ತಾಗದ ಹಾಗೆ ಬೆಸೆಯುತ್ತದೆ. ಬೆಸುಗೆಯನ್ನು ಸುತ್ತಲೂ ತಿರುಗಿಸಿ ನೋಡಬೇಕು, ಅಂಚು ಸಮ ಇದೆಯಾ ಅಂತ. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಉರುಳಿಸಿದರೆ ಒಳಗಿನ ಪೊರೆ ಬಿಟ್ಟುಕೊಳ್ಳುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ಜೋರಾಗಿ ಒತ್ತಿದರೆ ಬೆಸುಗೆ ಬಿರುಕು ಬಿಡುತ್ತದೆ. ಇದನ್ನು ಓದಿ ಕಲಿಯುವುದಕ್ಕೆ ಆಗುವುದಿಲ್ಲ. ಎಷ್ಟು ಮಾಡಿದೆನೋ ಲೆಕ್ಕವಿಲ್ಲ. ಎರಡನೇ ಮೀಡಿಯಾ ಫಿಲ್‌ನಲ್ಲಿ, ಆಮೇಲಿನ ಎರಡರಲ್ಲೂ, ಎಲ್ಲ ಬಾಟಲಿಗಳೂ ತಿಳಿಯಾಗಿಯೇ ಉಳಿದವು.

ಆ ರಾತ್ರಿಯ ಚೀಲಕ್ಕೆ ಬರುತ್ತೇನೆ.

ಮೊದಲ ದಿನ ಟಿ ಕೋಶಗಳನ್ನು ಬೇರ್ಪಡಿಸಿದೆವು. ಅವುಗಳಿಗೆ ಮಾತ್ರ ಅಂಟುವ ಸಣ್ಣ ಕಾಂತದ ಕಣ ಸೇರಿಸಿ, ಅಯಸ್ಕಾಂತದ ನಡುವಿನ ಕಾಲಂನಲ್ಲಿ ಹರಿಸಿದರೆ ಬೇಕಾದದ್ದು ನಿಲ್ಲುತ್ತದೆ, ಬೇಡದ್ದು ಹೋಗುತ್ತದೆ. 12 ಕೋಟಿ ಕೋಶ ಹಾಕಿದೆವು. ಮಾರನೇ ದಿನ ವೈರಸ್. ಆಮೇಲೆ 37 ಡಿಗ್ರಿ ಶಾಖ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್, ಕೋಶ ಬೆಳೆಯಲು ನೆರವಾಗುವ ಐಎಲ್-7 ಮತ್ತು ಐಎಲ್-15 ಎಂಬ ಪ್ರೋಟೀನ್ ಸೇರಿಸಿದ ಮೀಡಿಯಾ, ಅಂದರೆ ಪೋಷಕ ದ್ರವ. ಇದೆಲ್ಲ ಮುಚ್ಚಿದ ಯಂತ್ರದ ಒಳಗೇ ನಡೆಯುತ್ತದೆ. ನಾವು ಕಾಯಬೇಕು, ಸ್ಯಾಂಪಲ್ ತೆಗೆದು ಎಣಿಸಬೇಕು.

ನಾಲ್ಕನೇ ದಿನ ಎಣಿಸಿದರೆ 9 ಕೋಟಿ. ಕಡಿಮೆಯಾಗಿತ್ತು. ಬದುಕಿದ್ದ ಪಾಲು 68 ಶೇಕಡಾ. ಇನ್ನೊಮ್ಮೆ ಎಣಿಸಿದೆ, ಅದೇ. ಸುತ್ತು ಸುತ್ತು ಕಿಮೋ ತೆಗೆದುಕೊಂಡವರ ಟಿ ಕೋಶಗಳು ಹೀಗೇ ಸೊರಗಿರುತ್ತವೆ ಅಂತ ಗೊತ್ತಿತ್ತು. ಆದರೂ ಗಂಟಲು ಒಣಗಿತು. ಏನಾದರೂ ಮಾಡಬೇಕು ಅನಿಸುತ್ತಿತ್ತು. ಇನ್ನಷ್ಟು ಮೀಡಿಯಾ ಹಾಕೋಣವೇ, ಐಎಲ್ ಹೆಚ್ಚಿಸೋಣವೇ? ಆದರೆ ಹಂತ ಹಂತವಾಗಿ ಏನು ಮಾಡಬೇಕೆಂದು ಬರೆದಿಟ್ಟ ಬ್ಯಾಚ್ ರೆಕಾರ್ಡ್‌ನಲ್ಲಿ ಇಲ್ಲದ್ದನ್ನು ಸ್ವಂತ ಬುದ್ಧಿಯಿಂದ ಮಾಡುವ ಹಾಗಿಲ್ಲ, ಅದು ಸರಿಯೂ ಹೌದು. ಒಂದಕ್ಕೆ ಅಲ್ಲಿ ಅವಕಾಶವಿತ್ತು: ಯಂತ್ರ ಕೋಶಗಳನ್ನು ಅಲುಗಾಡಿಸಲು ಶುರು ಮಾಡುವುದನ್ನು ಒಂದು ದಿನ ಮುಂದೂಡಬಹುದು. ಗುಣಮಟ್ಟ ನೋಡಿಕೊಳ್ಳುವ ಕ್ಯೂಎ ವಿಭಾಗಕ್ಕೆ ಫೋನ್ ಮಾಡಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡು, ಅಷ್ಟನ್ನೇ ಮಾಡಿದೆವು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸಬಾರದು ಅಂತಾರಲ್ವಾ, ಹಾಗೆ. ಕೋಶಗಳಿಗೂ ಮೊದಲು ಒಂದರ ಪಕ್ಕ ಒಂದು ಸುಮ್ನೆ ಇರುವುದಕ್ಕೆ ಬಿಡಬೇಕು.

ಆರನೇ ದಿನ ಸಂಕ್ರಾಂತಿ. ಕೋಶಗಳಿಗೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿ ಎಣಿಸಿದೆ: 21 ಕೋಟಿ. ಬದುಕಿದ್ದವು 84 ಶೇಕಡಾ. ಹೊರಗೆ ಬಂದು ಗೌನ್ ಕಳಚಿ, ಸಹೋದ್ಯೋಗಿ ತಂದಿದ್ದ ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡಾಗ ಕಣ್ಣು ತುಂಬಿಬಂತು. ಒಂಬತ್ತನೇ ದಿನ 110 ಕೋಟಿ ದಾಟಿತ್ತು. ಅದರಲ್ಲಿ ಕೊಕ್ಕೆ ಇದ್ದವು 31 ಶೇಕಡಾ. ಬೇಕಾದದ್ದಕ್ಕಿಂತ ಜಾಸ್ತಿಯೇ.

ತೊಳೆದು, ಮೂರು ಚೀಲಕ್ಕೆ ಹಂಚಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ಆವಿಯಲ್ಲಿ ಇಟ್ಟೆವು. ಮೂರು ಚೀಲ ಯಾಕೆಂದರೆ ಡೋಸ್ ಅನ್ನು ಮೂರು ಕಂತಿನಲ್ಲಿ ಕೊಡುವುದು: 10, 30, 60 ಶೇಕಡಾ. ಈ ಕಂತಿನ ಪದ್ಧತಿಯನ್ನು ನಾವು ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನವರ ಕೆಲಸ ಓದಿ ಕಲಿತದ್ದು. ಮೊದಲ ಕಂತು ಕೊಟ್ಟು ದೇಹ ಹೇಗೆ ತೆಗೆದುಕೊಳ್ಳುತ್ತದೆ ನೋಡಿ, ಆಮೇಲೆ ಮುಂದಿನದು. ಅವರ ಕಾರ್-ಟಿಗೆ ಎಆರ್‌ಐ-0001 ಎಂದು ಹೆಸರು. ಲುಕೇಮಿಯಾದಿಂದ ತೀರಿಕೊಂಡ ಅರಿ ಎಂಬ ಹುಡುಗಿಯ ನೆನಪಿನದು ಅದು. ಅವಳ ಹೆಸರಿನಲ್ಲಿ ಜನರಿಂದಲೇ ಹಣ ಕೂಡಿಸಿ ಅಷ್ಟು ದೂರ ತಂದರು, 2021ರಲ್ಲಿ ಸ್ಪೇನ್‌ನ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಕನ್ನಡದಲ್ಲಿ ‘ಅರಿ’ ಎಂದರೆ ತಿಳಿದುಕೋ ಅಂತ, ಅದನ್ನು ಓದಿದಾಗಲೆಲ್ಲ ನನಗೆ ಅದೂ ನೆನಪಾಗುತ್ತದೆ. ಅದೇ ಚಿಕಿತ್ಸೆಯ ಪರವಾನಗಿ ಪಡೆದು ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ಹೊರತಂದಿತು. ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದಿತ್ತು. 2017ರಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿ ಬಂದಾಗ ಬೆಲೆ 4,75,000 ಡಾಲರ್. ಇಲ್ಲಿ ಬಂದಾಗ ಹತ್ತಿರ ಹತ್ತಿರ 40 ಲಕ್ಷ ರೂಪಾಯಿ. ಇಳಿದಿದೆ, ನಿಜ. ಆದರೂ ನಮ್ಮೂರಿನ ಯಾವ ಮನೆಯಲ್ಲಿ ಅಷ್ಟಿದೆ? ಇದು ಇನ್ನೂ ಇಳಿಯಲೇಬೇಕು.

ಕ್ಯೂಸಿ, ಅಂದರೆ ಗುಣಮಟ್ಟದ ಪರೀಕ್ಷೆಗಳೆಲ್ಲ ಮುಗಿದು ಬಿಡುಗಡೆ ಆಗುವಷ್ಟರಲ್ಲಿ ಫೆಬ್ರವರಿ ಬಂದಿತ್ತು. ಚೀಲ ಕರಗಿಸುವಾಗ ನೋಡಲು ಆಸ್ಪತ್ರೆಗೆ ಬರಬಹುದು ಅಂದರು. ಹೋದೆ. ಹಾಸಿಗೆಯ ಪಕ್ಕದಲ್ಲೇ 37 ಡಿಗ್ರಿಯ ನೀರಿನ ತೊಟ್ಟಿ. ಜ್ವರ ಏರಿ ರಕ್ತದೊತ್ತಡ ಬಿದ್ದರೆ ಬೇಕಾಗುತ್ತದೆ ಅಂತ ಟೊಸಿಲಿಜುಮಾಬ್ ಎಂಬ ಔಷಧಿ ತಂದಿಟ್ಟಿದ್ದರು. ಇಬ್ಬರು ನರ್ಸ್‌ಗಳು ಕೋಡ್ ಅನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದರು, ಒಬ್ಬರು ಚೀಲದಿಂದ, ಇನ್ನೊಬ್ಬರು ಅವರ ಕೈಪಟ್ಟಿಯಿಂದ. ಆ ಅಂಕಿಗಳು ನನಗೆ ಬಾಯಿಪಾಠವಾಗಿದ್ದವು. ಅವುಗಳ ಹಿಂದಿನ ಮುಖ ನೋಡಿದ್ದು ಆಗಲೇ. ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಎರಡು ಜೊತೆ ಸಾಕ್ಸ್.

ಚಿಕ್ಕ ಚೀಲ. ಹತ್ತು ನಿಮಿಷದಲ್ಲಿ ಇಳಿದುಹೋಯಿತು. ನಡುವೆ ಅವರು ಮುಖ ಕಿವುಚಿ, “ಸಿಸ್ಟರ್, ಬಾಯೆಲ್ಲಾ ಬೆಳ್ಳುಳ್ಳಿ ತಿಂದ ಹಾಗಾಗ್ತಿದೆ,” ಅಂದರು. ಕೋಶಗಳನ್ನು ಹೆಪ್ಪುಗಟ್ಟಿಸುವಾಗ ಹಾಕಿದ್ದ ಡಿಎಂಎಸ್‌ಒ ಎಂಬ ದ್ರವದ ಕೆಲಸ ಅದು, ದೇಹದಲ್ಲಿ ಬದಲಾಗಿ ಉಸಿರಿನಲ್ಲಿ ಹೊರಗೆ ಬರುತ್ತದೆ.

ಮುಗಿಯಿತು ಅಂದುಕೊಂಡೆ. ನರ್ಸ್ ಖಾಲಿ ಚೀಲಕ್ಕೆ ಸ್ವಲ್ಪ ಸಲೈನ್ ಬಿಟ್ಟು, ಮೆಲ್ಲಗೆ ಆಚೆ ಈಚೆ ಹೊರಳಿಸಿ, ಗೋಡೆಗೆ ಅಂಟಿಕೊಂಡದ್ದನ್ನೆಲ್ಲ ತೊಳೆದು ಅದನ್ನೂ ಒಳಗೆ ಬಿಟ್ಟರು. ಆಮೇಲೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ತೊಳೆದರು.