ಪುಣೆಯಲ್ಲಿ ನಾಯಿ ಟ್ರೈನರ್ ಆಗುವುದು: ತಳಿಯ ಬುದ್ಧಿ, ಬಟ್ಟಲಿನ ಲೆಕ್ಕ

‘ಸಿಟ್’ ಕಲಿಸುವುದು ಒಂದು ವಾರದ ಕೆಲಸ. ಕರೆದರೂ ತಿರುಗದ ಬೀಗಲ್, ಬೆಲ್ ಆದೊಡನೆ ಬಾಗಿಲಿಗೆ ಹಾರುವ ಜರ್ಮನ್ ಶೆಫರ್ಡ್, ಎಷ್ಟು ತಿಂದರೂ ಸಾಲದ ಲ್ಯಾಬ್ರಡಾರ್, ಇವುಗಳ ಮನೆಯವರಿಗೆ ಕಾರಣ ಹೇಳಿ ದಾರಿ ತೋರಿಸಬಲ್ಲ ಟ್ರೈನರ್‌ಗೇ ಕೆಲಸ ಉಳಿಯುವುದು. ಅದಕ್ಕೆ ಎರಡು ಸಂಗತಿ ಗಟ್ಟಿಯಾಗಿ ಗೊತ್ತಿರಬೇಕು: ಆ ತಳಿಯನ್ನು ಯಾವ ಕೆಲಸಕ್ಕೆಂದು ಬೆಳೆಸಿದರು, ದಿನಕ್ಕೆ ಅದರ ಹೊಟ್ಟೆಗೆ ಎಷ್ಟು ಹೋಗುತ್ತಿದೆ.

ಬೇಟೆ ಒಂದು ಸರಪಳಿ. ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸಿಗಿದು ತಿನ್ನುವುದು. ತಳಿ ಮಾಡಿದವರು ಕೆಲವು ಕೊಂಡಿಗಳನ್ನು ಬಲಪಡಿಸಿ ಕೆಲವನ್ನು ಸಡಿಲಿಸಿದರು. ಬಾರ್ಡರ್ ಕಾಲಿಯಲ್ಲಿ ದಿಟ್ಟಿಸಿ ಅಟ್ಟುವುದು ಬಲ. ಲ್ಯಾಬ್ರಡಾರ್‌ನಲ್ಲಿ ಮೆತ್ತಗೆ ಕಚ್ಚಿ ತರುವುದು. ಟೆರಿಯರ್‌ನಲ್ಲಿ ಹಿಡಿದು ಝಾಡಿಸುವುದು. ಈ ಆಸೆಯನ್ನು ಬೈದು ಅಳಿಸಲಾಗದು. ನೀವು ಒಪ್ಪುವ ಜಾಗದಲ್ಲಿ ಅದಕ್ಕೊಂದು ಕೆಲಸ ಕೊಡಬೇಕು.

ನಮ್ಮ ಮುಧೋಳ ನಾಯಿಯನ್ನೇ ನೋಡಿ. ಮಹಾರಾಷ್ಟ್ರದಲ್ಲಿ ಅದು ಕಾರವಾನಿ. ಕಣ್ಣಿಂದ ಕಂಡು ಓಡಿ ಹಿಡಿಯುವ ತಳಿ. ಬೆಳಗ್ಗೆ ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಬಿಟ್ಟುಬಿಟ್ಟರೆ ನವಿಲು ಕಂಡ ಕ್ಷಣವೇ ನಿಮ್ಮ ದನಿ ಅದರ ಕಿವಿಗೆ ಬೀಳುವುದಿಲ್ಲ. ಅಲ್ಲಿ 10 ಮೀಟರ್ ಉದ್ದದ ಹಗ್ಗ ಕಡ್ಡಾಯ. ಅದನ್ನು ಎದೆಪಟ್ಟಿಗೆ ಕಟ್ಟಿ. ಓಡುವ ನಾಯಿ ತಟ್ಟನೆ ನಿಂತಾಗ ಕುತ್ತಿಗೆಪಟ್ಟಿ ಗಂಟಲಿಗೆ ಪೆಟ್ಟು ಕೊಡುತ್ತದೆ. ಅಟ್ಟುವ ಆಸೆಗೆ ಒಂದೂವರೆ ಮೀಟರ್ ಪಿವಿಸಿ ಪೈಪಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಗಂಟು ಕಟ್ಟಿ ನೆಲದ ಮೇಲೆ ಎಳೆಯಿರಿ. ನಾಯಿ ಕುಳಿತರೆ ಮಾತ್ರ ಗಂಟು ಓಡಲಿ. ಹಿಡಿದ ಮೇಲೆ ‘ಬಿಡು’ ಎಂದು ಕೋಳಿಮಾಂಸದ ತುಂಡು ಕೊಟ್ಟು ಬದಲಾಯಿಸಿಕೊಳ್ಳಿ. 5 ನಿಮಿಷ ಸಾಕು. ಇದನ್ನು ಮಣ್ಣಿನ ಮೇಲೆ ಮಾಡಿ. ನುಣುಪು ಟೈಲ್ಸ್ ಮೇಲೆ ಕಾಲು ಜಾರಿ ಕೀಲು ಹಾಳಾಗುತ್ತದೆ. ಬೆಳೆಯುವ ಮರಿಗೆ ಗಿರಕಿ ಹೊಡೆಸಬೇಡಿ.

ವಾಸನೆ ಹಿಡಿದು ಬೇಟೆಯಾಡುವ ಬೀಗಲ್‌ಗೆ ಊಟದ ಒಂದು ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸಿ. ಮೂಗು ನೆಲಕ್ಕಿಟ್ಟಾಗ ಹತ್ತು ಸಲ ಹೆಸರು ಕೂಗಿದರೆ, ಆ ಹೆಸರಿಗೆ ಅರ್ಥವಿಲ್ಲ ಎಂದು ನೀವೇ ಪಾಠ ಮಾಡಿದಂತಾಗುತ್ತದೆ.

ಇನ್ನು ಬಟ್ಟಲು. ಟ್ರೈನರ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ನಾಯಿಗೆ ದಿನಕ್ಕೆ ಎಷ್ಟು ಕ್ಯಾಲರಿ ಬೇಕೆಂದು ತಿಳಿಯಲು, ಕೆಜಿಯಲ್ಲಿ ಅದರ ತೂಕವನ್ನು ಮೂರು ಸಲ ಬರೆದು ಗುಣಿಸಿ, ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. 10 ಕೆಜಿ ನಾಯಿಗೆ 1000, 31.6, 5.62, ಕೊನೆಗೆ 394 ಕಿಲೋಕ್ಯಾಲರಿ. ಇದು ಸುಮ್ಮನೆ ಬಿದ್ದುಕೊಂಡಿರಲು ಬೇಕಾದಷ್ಟು. ಸಂತಾನಹರಣ ಆದ ಬೆಳೆದ ನಾಯಿಗೆ ಅದರ 1.6 ಪಟ್ಟು, ಅಂದರೆ ಸುಮಾರು 630. ಟ್ರೀಟ್ ಇದರ ಹತ್ತರಲ್ಲೊಂದು ಭಾಗ ಮೀರಬಾರದು: ಬೇಯಿಸಿದ ಎಲುಬಿಲ್ಲದ ಕೋಳಿ ಎದೆಮಾಂಸವಾದರೆ ಸುಮಾರು 38 ಗ್ರಾಂ. ಅರ್ಧ ಗ್ರಾಮಿನ ತುಂಡು ಮಾಡಿದರೆ ಎಪ್ಪತ್ತಾರು ಬಹುಮಾನವಾಗುತ್ತದೆ, ದಿನದ ಮೂರು ಪಾಠಕ್ಕೆ ಧಾರಾಳ. ಅಷ್ಟು ಕ್ಯಾಲರಿಯನ್ನು ಊಟದಿಂದ ಕಳೆಯದಿದ್ದರೆ ನಾಯಿ ಕಲಿಯುತ್ತಲೇ ದಪ್ಪಗಾಗುತ್ತದೆ. ಲೆಕ್ಕ ಆರಂಭಕ್ಕೆ ಮಾತ್ರ. ಎರಡು ವಾರಕ್ಕೊಮ್ಮೆ ಪಕ್ಕೆಲುಬು ಮುಟ್ಟಿ ನೋಡಿ. ಒತ್ತದೆಯೇ ಕೈಗೆ ಸಿಗಬೇಕು. ಲ್ಯಾಬ್ರಡಾರ್ ಮನೆಯವರಿಗೆ ಇದನ್ನು ಒತ್ತಿ ಹೇಳಿ: ಅನೇಕ ಲ್ಯಾಬ್ರಡಾರ್‌ಗಳಲ್ಲಿ ಹಸಿವು ಹೆಚ್ಚಿಸುವ ಜೀನ್ ಬದಲಾವಣೆ ಇರುವುದು 2016ರಲ್ಲೇ ಪತ್ತೆಯಾಗಿದೆ. ಅದರ ಬೇಡುವ ಕಣ್ಣನ್ನು ನಂಬಿ ಬಡಿಸಬಾರದು.

ಮೊಸರನ್ನವಷ್ಟೇ ತಿನ್ನುವ ನಾಯಿಗೆ ಪ್ರೋಟೀನ್ ಸಾಲದು. ಬರೀ ಕೋಳಿ-ಅನ್ನದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ರಂಜಕ ಹೆಚ್ಚು. ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮರಿ ಕುಂಟತೊಡಗುತ್ತದೆ. ಹಾಗೆಂದು ಮರಿಗಳ ಸಿದ್ಧ ಆಹಾರದ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿಯುವುದೂ ತಪ್ಪು. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಮೂಳೆಯನ್ನೇ ಸೊಟ್ಟ ಮಾಡುತ್ತದೆ. ಮನೆಯೂಟದ ಪಟ್ಟಿ ಪಶುವೈದ್ಯರಿಂದ ಬರಲಿ. ನಿಮ್ಮ ಕೆಲಸ ಅಳೆದು ಬರೆದಿಡುವುದು. ಸಾಂಬಾರಿನ ಈರುಳ್ಳಿ-ಬೆಳ್ಳುಳ್ಳಿ, ಕೇಸರಿಬಾತಿನ ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆರಹಿತ ಚ್ಯೂಯಿಂಗ್‌ಗಮ್‌ನ ಜೈಲಿಟಾಲ್ ನಾಯಿಗೆ ವಿಷ.

ಕಲಿಯುವ ದಾರಿಗೆ ಅವಸರ ಬೇಡ. ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಬಳಸದ ಅನುಭವಿಯೊಬ್ಬರ ಕೈಕೆಳಗೆ ಕನಿಷ್ಠ ಆರು ತಿಂಗಳು ದುಡಿಯಿರಿ. ಶಿಕ್ಷೆಯಿಂದ ಗುರ್ರೆನ್ನುವುದನ್ನು ನಿಲ್ಲಿಸಿದ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚಬಹುದು. ನಾಯಿ ಟ್ರೈನರ್‌ಗಳಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಿಪಿಡಿಟಿ-ಕೆಎ ಪರೀಕ್ಷೆಗೆ ಕೂರಲೂ ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ಬೇಕು, ಆದ್ದರಿಂದ ಮೊದಲ ದಿನದಿಂದಲೇ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಲಸ ಶುರುಮಾಡುವ ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಲಸಿಕೆ ಆಗಿದ್ದರೂ, ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಮೊದಲ ಭೇಟಿಗೆ ಅಡುಗೆಮನೆ ತಕ್ಕಡಿ, ಅಳತೆ ಟೇಪು ಒಯ್ಯಿರಿ. ಪಾಠ 3ರಿಂದ 5 ನಿಮಿಷ ಮೀರದಿರಲಿ. ಸರಿಮಾಡಿದ ಒಂದು ಸೆಕೆಂಡಿನೊಳಗೆ ‘ಶಹಬ್ಬಾಸ್’ ಎನ್ನಿ, ಆಮೇಲೆ ತುಂಡು ಕೊಡಿ. 10ರಲ್ಲಿ 8 ಸಲ ಸರಿಯಾದರಷ್ಟೇ ದೂರ, ಸಮಯ, ಗದ್ದಲ ಈ ಮೂರರಲ್ಲಿ ಒಂದನ್ನು ಹೆಚ್ಚಿಸಿ.

ಪುಣೆಯ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕು. ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ, ಮಕ್ಕಳು ‘ಸಿಟ್’, ಕೆಲಸದ ಮಾವಶಿ ಮರಾಠಿಯಲ್ಲಿ ‘ಬಸ್’. ಅದೇ ‘ಬಸ್’ ಹಿಂದಿಯಲ್ಲಿ ಸಾಕು ಎಂದಾಗುತ್ತದೆ. ಪಾಠಕ್ಕೆ ಮುಂಚೆ ಎಲ್ಲರನ್ನೂ ಕೂಡಿಸಿ ಕೆಲಸಕ್ಕೊಂದು ಪದ ಗೊತ್ತುಮಾಡಿ, ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ. ಪಕ್ಕದಲ್ಲೇ ಆ ದಿನದ ಟ್ರೀಟ್ ಡಬ್ಬಿಯ ಗ್ರಾಂ ಕೂಡ ಇರಲಿ.